ಗೋವಾದ ಕನ್ನಡಿಗರ ಸಿಟ್ಟಿನ ನುಡಿಗಟ್ಟುಗಳು

ಬರೀ ಸಿಟ್ಟು ಬೇರೆ, ಅನ್ಯಾಯ ಕಂಡು ಕೆರಳುವುದು ಬೇರೆ. ಮೊದಲನೆಯದಕ್ಕೆ ಕಾರಣ ಬೇಕಿಲ್ಲ. ಎರಡನೆಯದರಲ್ಲಿ ಯಾರು ಏನು ತಪ್ಪು ಮಾಡಿದರು ಎಂಬ ದೂರೂ ಇರುತ್ತದೆ. ಕನ್ನಡದ ದಿನಬಳಕೆಯ ನುಡಿಗಟ್ಟುಗಳಲ್ಲಿ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ.

2011ರ ಜನಗಣತಿಯಂತೆ ಗೋವಾದಲ್ಲಿ ಶೇ. 4ಕ್ಕಿಂತ ಹೆಚ್ಚು ಮಂದಿಯ ತಾಯ್ನುಡಿ ಕನ್ನಡ. ವಾಸ್ಕೊದ ಬೈನಾ, ಝುವಾರಿನಗರದಂಥ ಕಡೆ ನೆಲೆಸಿದವರಲ್ಲಿ ಬಹಳಷ್ಟು ಜನ ದುಡಿಮೆಗಾಗಿ ಉತ್ತರ ಕರ್ನಾಟಕದಿಂದ ಬಂದವರು. ಅವರ ಸಿಟ್ಟೂ ಆ ಸೀಮೆಯ ಕನ್ನಡದಲ್ಲೇ ಹೊರಬೀಳುತ್ತದೆ.

ಮೈಗೆ ಸಂಬಂಧಿಸಿದ ಮಾತುಗಳು ಮೊದಲ ಬಗೆಯವು. ‘ಮೈ ಉರಿತೈತಿ’, ‘ತಲಿ ಕೆಡ್ತು’, ‘ಪಿತ್ತ ನೆತ್ತಿಗೇರ್ತು’ ಎನ್ನುವಾಗ ಸಿಟ್ಟು ಒಳಗಿನ ಬೇಗೆಯಾಗಿ ಮೇಲೇರುತ್ತದೆ. ಪಿತ್ತವೆಂದರೆ ಉಷ್ಣ ಎಂಬ ಆಯುರ್ವೇದದ ತಿಳಿವಳಿಕೆ ಕೊನೆಯ ಮಾತಿನ ಹಿಂದಿದೆ. ಗೋವಾದ ಕೊಂಕಣಿಯಲ್ಲೂ ‘ಮಾಥೆಂ ಫಿರ್ಲೆಂ’, ಅಂದರೆ ತಲೆ ತಿರುಗಿತು, ಎನ್ನುತ್ತಾರೆ.

ಎರಡನೆಯ ಬಗೆಯವು ತಪ್ಪನ್ನು ಎತ್ತಿ ತೋರಿಸುತ್ತವೆ. ಕೆಲಸ ಬಿಡಿಸಿದರೆ, ಪಗಾರ ಹಿಡಿದಿಟ್ಟರೆ ‘ಹೊಟ್ಟಿ ಮ್ಯಾಲ ಹೊಡದ್ರು’. ಆಸೆ ತೋರಿಸಿ ಕೈಬಿಟ್ಟರೆ ‘ಮೂಗಿಗೆ ತುಪ್ಪ ಹಚ್ಚಿದ್ರು’. ಸುಳ್ಳು ಹೇಳಿ ನಂಬಿಸಿದರೆ ‘ಕಿವ್ಯಾಗ ಹೂ ಇಟ್ರು’. ನೊಂದವರನ್ನೇ ಮತ್ತೆ ನೋಯಿಸಿದರೆ ‘ಗಾಯದ ಮ್ಯಾಲ ಬರಿ ಎಳದ್ರು’. ಮೇಲಿನವರು ಒಪ್ಪಿದ ಕೆಲಸವನ್ನು ಕೆಳಗಿನವರು ತಡೆದಾಗ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಬರುತ್ತದೆ. ಒಂದೊಂದು ಮಾತಿಗೂ ಒಂದೊಂದು ಬಗೆಯ ಅನ್ಯಾಯ ಗೊತ್ತುಪಡಿಸಿದಂತಿದೆ.

ಅನ್ಯಾಯವನ್ನು ಹೇಳುವ ಇನ್ನೊಂದು ದಾರಿ ಉತ್ತರ ಬೇಡದ ಪ್ರಶ್ನೆ. ‘ನಾವೇನ್ ಮನಷ್ಯಾರಲ್ಲೇನ್ರಿ?’, ‘ನಮಗ ಹೊಟ್ಟಿ ಇಲ್ಲೇನ್ರಿ?’ ಎಂದು ಕೇಳಿದವರು ಉತ್ತರಕ್ಕೆ ಕಾಯುತ್ತಿರುವುದಿಲ್ಲ, ಎದುರಿನವರಿಗೆ ನ್ಯಾಯ ನೆನಪಿಸುತ್ತಿರುತ್ತಾರೆ. ಕೊನೆಯ ‘ರಿ’ಯನ್ನು ಗಮನಿಸಬೇಕು. ಉತ್ತರ ಕರ್ನಾಟಕದ ಮಾತಿನಲ್ಲಿ ಮರ್ಯಾದೆಯ ಈ ಅಕ್ಷರ ಎಷ್ಟೇ ಸಿಟ್ಟಿದ್ದರೂ ಉಳಿಯಬಲ್ಲದು. ‘ನಮ್ಮ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ’ ಎಂಬುದರಲ್ಲಿ ದೂರು, ಬೇಡಿಕೆ, ಗೌರವ ಮೂರೂ ಇವೆ. ‘ರಿ’ ಬಿದ್ದುಹೋಗಿ ಮಾತು ಏಕವಚನಕ್ಕೆ ಇಳಿದರೆ ಜಗಳ ಕೈಮೀರಿತೆಂದೇ ಅರ್ಥ.

ಬೈಗುಳದಿಂದ ತಿಳಿಯುವುದು ಸಿಟ್ಟು ಮಾತ್ರ. ಇಂಥ ನುಡಿಗಟ್ಟಿನಿಂದ ಆದ ಅನ್ಯಾಯವೇನೆಂಬುದೂ ತಿಳಿಯುತ್ತದೆ. ಪರವೂರಿನಲ್ಲಿ ದುಡಿದು ತಿನ್ನುವವರಿಗೆ ಈ ಮಾತುಗಳ ಬಲ ದೊಡ್ಡದು.