ಸಾಕಿದವರನ್ನೇ ಪಳಗಿಸುವ ಬೆಕ್ಕು

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಹೆಸರು ಹೇಳಿದೊಡನೆ ಮಂಡ್ಯ ಸೀಮೆಯವರಿಗೆ ನೆನಪಾಗುವುದು ಹಾಲಿನ ಡೇರಿ. ಜಿಲ್ಲೆಯ ಹಳ್ಳಿಹಳ್ಳಿಗಳ ಸಹಕಾರ ಸಂಘಗಳಲ್ಲಿ ಅಳೆದ ಹಾಲು ಅಲ್ಲಿಗೆ ಬಂದು ಸೇರುತ್ತದೆ. ಹೀಗೆ ಬೆಳಗು ಬೈಗು ಹಾಲು ಕರೆಯುವ ಮನೆಗಳಲ್ಲಿ ಬೆಕ್ಕಿಗೂ ಒಂದು ಸ್ಥಾನವುಂಟು. ಭತ್ತ, ರಾಗಿ ತುಂಬಿದ ಮನೆಗೆ ಇಲಿಯ ಕಾಟ ತಪ್ಪದು. ಇಲಿಯಿದ್ದಲ್ಲಿ ಬೆಕ್ಕು ಬೇಕೇ ಬೇಕು. ಆದರೆ ಕೆಲಸಕ್ಕೆಂದು ಬಂದ ಈ ಪ್ರಾಣಿ ಕೆಲವೇ ತಿಂಗಳಲ್ಲಿ ಮನೆಯೊಡತಿ ಏಳುವ ಹೊತ್ತನ್ನು ಸಹ ತಾನೇ ಗೊತ್ತುಮಾಡುವಷ್ಟು ಬೆಳೆಯುವುದು ಹೇಗೆ?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಇಲಿಗಳ ಹಾವಳಿ ತಡೆಯಲು ಕೃಷ್ಣದೇವರಾಯನು ಮನೆಮನೆಗೆ ಬೆಕ್ಕಿನ ಮರಿಯನ್ನೂ ಅದರ ಹಾಲಿಗೆಂದು ಹಸುವನ್ನೂ ಕೊಡಿಸಿದನಂತೆ. ರಾಮಕೃಷ್ಣನಿಟ್ಟ ಕುದಿಹಾಲಿಗೆ ಮೂತಿಯಿಟ್ಟು ಸುಟ್ಟುಕೊಂಡ ಮರಿಯು ಮುಂದೆ ಹಾಲು ಕಂಡರೇ ಓಡತೊಡಗಿತಂತೆ. ಆ ಕಥೆಯಲ್ಲಿ ಮನುಷ್ಯನು ಗುರು, ಬೆಕ್ಕು ಶಿಷ್ಯ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು.

ಬೆಕ್ಕಿಗೂ ಮನುಷ್ಯನಿಗೂ ನಂಟು ಬಹಳ ಹಳೆಯದು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಸಮಾಧಿಯ ಪಕ್ಕದಲ್ಲೇ ಹೂಳಲ್ಪಟ್ಟಿದ್ದ, ಸುಮಾರು 9,500 ವರ್ಷಗಳ ಹಿಂದಿನ ಬೆಕ್ಕಿನ ಅಸ್ಥಿಗಳ ಸಂಗತಿಯನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ದನಕರುಗಳಂತೆ ಇದನ್ನು ಹಿಡಿದು ಕಟ್ಟಿ ಪಳಗಿಸಲಿಲ್ಲ. ಕಣಜದ ಇಲಿಗಳನ್ನು ಅರಸಿ ಅದು ತಾನಾಗಿಯೇ ಬಳಿ ಸಾರಿತೆಂಬುದು ತಜ್ಞರ ಅಭಿಪ್ರಾಯ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ ‘ಮಿಯಾಂವ್’ ಎನ್ನುವುದು ತೀರ ಅಪರೂಪ. ಮರಿಯು ತಾಯನ್ನು ಕರೆಯುವ ಆ ದನಿಯನ್ನು ಸಾಕುಬೆಕ್ಕು ನಮಗಾಗಿಯೇ ಉಳಿಸಿಕೊಂಡಿದೆ!

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ಕ್ಯಾರನ್ ಮೆಕೋಂಬ್ ಮತ್ತು ಸಂಗಡಿಗರು 2009ರಲ್ಲಿ ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಊಟ ಬೇಡುವಾಗ ಕೆಲವು ಬೆಕ್ಕುಗಳು ತಮ್ಮ ಗುರುಗುರು ಸದ್ದಿನೊಳಗೆ ಅಳುವಿನಂಥ ತೆಳುದನಿಯೊಂದನ್ನು ಬೆರೆಸುತ್ತವೆ. ಅದರ ಶ್ರುತಿ ಹಸುಗೂಸಿನ ಅಳುವಿಗೆ ಹತ್ತಿರ. ಬೆಕ್ಕು ಸಾಕಿ ತಿಳಿಯದವರಿಗೂ ಆ ಸದ್ದು ತುರ್ತಿನದಾಗಿ ಕೇಳಿಸಿತು. ನಿದ್ದೆಗಣ್ಣಿನಲ್ಲಿಯೂ ತಾಯಂದಿರು ಎದ್ದು ಕೂರುವುದರಲ್ಲಿ ಆಶ್ಚರ್ಯವೇನು?

ಪಾಠ ಆರಂಭವಾಗುವುದೇ ಇಲ್ಲಿ. ಬೆಕ್ಕು ಕೂಗಿತು, ನಾವು ಎದ್ದು ಅನ್ನವಿಟ್ಟೆವು, ಕೂಗು ನಿಂತಿತು. ಅದಕ್ಕೆ ಅನ್ನ ದೊರೆಯಿತು, ನಮಗೆ ನೆಮ್ಮದಿ ದೊರೆಯಿತು. ಇಬ್ಬರೂ ಅದನ್ನೇ ಮರುದಿನವೂ ಮಾಡುವೆವು. ಒಂಬತ್ತು ಸಲ ಗದರಿಸಿ ಹತ್ತನೆಯ ಸಲ ಸೋತು ಕೊಟ್ಟರೆ, ಹತ್ತು ಸಲ ಕೂಗಬೇಕೆಂಬುದಷ್ಟನ್ನೇ ಅದು ಕಲಿಯುತ್ತದೆ.

ಇದೆಲ್ಲ ನಗೆಯ ವಿಷಯವೆಂದು ಬಿಡುವಂತಿಲ್ಲ. ಮುದ್ದಿನಿಂದ ನಾವೇ ಕಲಿಸಿದ ಅಭ್ಯಾಸ ಒಂದು ದಿನ ಬೇಸರ ತರಿಸಿದಾಗ, ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಕಾಲುವೆಯಾಚೆ ಬಿಟ್ಟು ಬರುವವರುಂಟು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಗಿಂತ ಮಿಗಿಲಾಗಿ, ನಂಬಿ ಬಂದ ಜೀವಕ್ಕೆ ಮಾಡುವ ದ್ರೋಹವದು.

ಉಪಾಯ ಕಠಿಣವಲ್ಲ. ದಿನವೂ ಗೊತ್ತಾದ ಹೊತ್ತಿನಲ್ಲೇ ಉಣಿಸಬೇಕು. ರಾತ್ರಿ ಮಲಗುವ ಮುನ್ನ ಒಂದಿಷ್ಟು ಇಡಬೇಕು. ಕೂಗುವಾಗ ಕೊಡದೆ, ಸುಮ್ಮನಾದ ಮೇಲೆ ಕೊಡಬೇಕು. ಮೊದಮೊದಲು ಕೂಗು ಹೆಚ್ಚೀತು. ಮನೆಯವರೆಲ್ಲ ಒಂದೇ ಮಾತಿನಲ್ಲಿ ನಿಂತರೆ ಕ್ರಮೇಣ ಇಳಿಯುವುದು. ಅಜ್ಜಿ ಬೇಡವೆಂದು ಮೊಮ್ಮಗ ಗುಟ್ಟಾಗಿ ಇಟ್ಟರೆ ಸಾಧ್ಯವಿಲ್ಲ. ಬೆಳೆದ ಅನೇಕ ಬೆಕ್ಕುಗಳಿಗೆ ಹಾಲು ಜೀರ್ಣವಾಗದೆ ಭೇದಿಯಾಗುವುದರಿಂದ ಶುದ್ಧ ನೀರನ್ನು ಸದಾ ಇಟ್ಟಿರುವುದು ಲೇಸು. ಎಂದಿನಂತಲ್ಲದ ಕೂಗು ಕೇಳಿಬಂದರೆ, ಅದರಲ್ಲೂ ಗಂಡುಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ, ಹಟವೆಂದು ತಿಳಿಯದೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಬೇಡುವುದು ಬೆಕ್ಕಿನ ಸ್ವಭಾವ. ಯಾವಾಗ, ಎಷ್ಟು, ಹೇಗೆ ಕೊಡಬೇಕೆಂದು ಅರಿತು ಕೊಡುವುದು ಗೃಹಸ್ಥರ ಧರ್ಮ.