ಅಂತರ್ಜಾಲವೂ ಮನೆಯ ಲೆಕ್ಕದ ಪುಸ್ತಕವೂ

ನಮ್ಮ ಹಿರಿಯರು ಒಬ್ಬರನ್ನೊಬ್ಬರು ಕಂಡಾಗ ಮೊದಲು ವಿಚಾರಿಸುತ್ತಿದ್ದುದು ಯೋಗಕ್ಷೇಮವನ್ನು. ಈ ಮಾತು ಈಗ ಬರಿಯ ಉಪಚಾರವಾಗಿ ಸವೆದುಹೋಗಿದೆಯಾದರೂ ಅದರಲ್ಲಿ ಎರಡು ಪದಗಳೂ ಎರಡು ಬೇರೆ ಬೇರೆ ಅರ್ಥಗಳೂ ಅಡಗಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ, ಈ ಸಮಾಸವನ್ನು ಮಕ್ಕಳಿಗೆ ಎಷ್ಟೋ ಬಾರಿ ಬಿಡಿಸಿ ತೋರಿಸಿದ ನನಗೆ, ಅದು ನನ್ನ ಮನೆಯ ಆಯವ್ಯಯದಲ್ಲಿ ಹೇಗೆ ಕೆಲಸ ಮಾಡುವುದೆಂಬುದು ತಿಳಿದದ್ದು ನಿವೃತ್ತನಾಗಿ, ಮಗಳು ಕೊಡಿಸಿದ ಮೊಬೈಲು ಕೈಗೆ ಬಂದಮೇಲೆಯೇ ಎಂದರೆ ವಾಚಕರು ನಗಬಾರದು.

ಅಂತರ್ಜಾಲದಿಂದ ಹಣ ಉಳಿಯುವುದೆಂದು ಎಲ್ಲರೂ ಹೇಳುವರು. ಹೇಗೆ ಉಳಿಯುವುದೆಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ರಿಯಾಯಿತಿಯ ಮಾತನ್ನೇ ಆಡುವರು. ಅಂಗಡಿಯಲ್ಲಿ ಸಾವಿರಕ್ಕೆ ಸಿಗುವ ಪದಾರ್ಥ ಅಲ್ಲಿ ಎಂಟುನೂರಕ್ಕೆ ದೊರೆಯುವುದಂತೆ. ನಾನೂ ಮೊದಲ ವರ್ಷ ಹಾಗೆಯೇ ನಂಬಿದೆನು. ದೀಪಾವಳಿಯ ಹಿಂದಿನ ವಾರ ಒಂದು ಗ್ರೈಂಡರಿನ ಚಿತ್ರದ ಕೆಳಗೆ 8,000 ರೂಪಾಯಿಗೆ ಗೀಟು ಹೊಡೆದು, ಪಕ್ಕದಲ್ಲಿ 5,200 ಎಂದು ಬರೆದು, ಇನ್ನು ಎರಡೇ ಉಳಿದಿವೆ ಎಂದು ಕೆಂಪಕ್ಷರದಲ್ಲಿ ಎಚ್ಚರಿಸಿದ್ದರು. ಗಾಬರಿಯಾಗಿ ಕೊಂಡೆನು. ಪೆಟ್ಟಿಗೆ ಬಂದ ದಿನ ನನ್ನ ಮನೆಯಾಕೆ ಕೇಳಿದ್ದು ಒಂದೇ ಮಾತು: “ಹಳೆಯ ಗ್ರೈಂಡರಿಗೆ ಏನಾಗಿತ್ತು ರೀ?” ಏನೂ ಆಗಿರಲಿಲ್ಲ. ತರುವಾಯ ಪೇಟೆಬೀದಿಯ ಪಾತ್ರೆ ಅಂಗಡಿಯಲ್ಲಿ ವಿಚಾರಿಸಲಾಗಿ, ಅದೇ ಗ್ರೈಂಡರು ವರ್ಷವೆಲ್ಲ ಅದೇ 5,200ಕ್ಕೆ ದೊರೆಯುವುದೆಂದೂ, ಬೆಲ್ಟು ಹೋದರೆ ಅವರೇ ಹಾಕಿಕೊಡುವರೆಂದೂ ತಿಳಿಯಿತು. ನಾನು ಉಳಿಸಿದೆನೆಂದುಕೊಂಡ 2,800 ರೂಪಾಯಿ ಎಲ್ಲಿಯೂ ಇರಲಿಲ್ಲ. ಕಳೆದ 5,200 ಮಾತ್ರ ನಿಜ.

ಇಂತಹ ತಂತ್ರಗಳಿಗೆ ಸರ್ಕಾರವೇ ಹೆಸರಿಟ್ಟಿರುವುದನ್ನು ಆಮೇಲೆ ಓದಿದೆನು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 13 ವಿಧದ ವಂಚಕ ವಿನ್ಯಾಸಗಳನ್ನು ಹೆಸರಿಸಿ ಅವು ಸಲ್ಲವೆಂದು ನಿರ್ದೇಶಿಸಿತು. ಇಲ್ಲದ ಆತುರವನ್ನು ಹುಟ್ಟಿಸುವುದು ಅವುಗಳಲ್ಲಿ ಒಂದು. ನಾವು ಕೇಳದ ಪದಾರ್ಥವನ್ನು ನಮ್ಮ ಬುಟ್ಟಿಗೆ ಮೆಲ್ಲನೆ ಸೇರಿಸುವುದು ಇನ್ನೊಂದು. ಟಿಕೆಟು ಕೊಳ್ಳುವಾಗ ವಿಮೆಯೋ ದಾನವೋ ತಾನಾಗಿಯೇ ಮೊತ್ತಕ್ಕೆ ಕೂಡಿಕೊಂಡಿರುವುದನ್ನು ಎಷ್ಟೋ ಜನ ಕಂಡಿರಬಹುದು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕೊಡುವ ಕಡೆಯ ಹೆಜ್ಜೆಯಲ್ಲಿ ಒಂದೊಂದೇ ಶುಲ್ಕವನ್ನು ಹನಿಸುವುದು ಮತ್ತೊಂದು. ಚಂದಾದಾರರಾಗುವುದನ್ನು ಸುಲಭಮಾಡಿ, ಬಿಡುವುದನ್ನು ಕಷ್ಟಮಾಡುವುದೂ ಆ ಪಟ್ಟಿಯಲ್ಲಿದೆ. ಈ ಕೊನೆಯದರಲ್ಲಿ ನಾನು ಸಿಕ್ಕಿಬಿದ್ದ ಕಥೆಯನ್ನು ಹೇಳದಿದ್ದರೆ ಲೇಖನ ಪ್ರಾಮಾಣಿಕವಾಗದು.

ಒಂದು ರೂಪಾಯಿ ಕೊಟ್ಟರೆ ಒಂದು ವಾರ ಸಂಗೀತ ಕಚೇರಿಗಳನ್ನು ನೋಡಬಹುದೆಂದು ಒಂದು ಕಡೆ ಪ್ರಕಟಣೆಯಿತ್ತು. ಕೊಟ್ಟೆನು, ಒಂದೆರಡು ಕಚೇರಿ ನೋಡಿದೆನು, ಮರೆತೆನು. ನಮ್ಮ ಮನೆಯಾಕೆ ಮದುವೆಯಾದ ವರ್ಷದಿಂದ ಇಂದಿನವರೆಗೂ ಗೀಟು ಹಾಕಿದ ನೋಟುಪುಸ್ತಕದಲ್ಲಿ ಮನೆಯ ಲೆಕ್ಕವನ್ನು ಬರೆಯುತ್ತ ಬಂದವರು. ಒಂದು ದಿನ ಬ್ಯಾಂಕಿನಿಂದ ತುಂಬಿಸಿಕೊಂಡು ಬಂದ ಪಾಸ್‌ಬುಕ್ಕನ್ನು ಮುಂದಿಟ್ಟುಕೊಂಡು, “ಇದೇನು ರೀ, ಪ್ರತಿ ತಿಂಗಳೂ 7ನೆಯ ತಾರೀಕು 299 ಹೋಗಿದೆ? ಹಾಲಿನವನಿಗೂ ಅಲ್ಲ, ಗ್ಯಾಸಿಗೂ ಅಲ್ಲ” ಎಂದರು. ಎಣಿಸಿದರೆ ಹದಿನಾಲ್ಕು ತಿಂಗಳು, 4,186 ರೂಪಾಯಿ. ಹಣ ಕಡಿತವಾಗುವುದಕ್ಕೆ 24 ಗಂಟೆ ಮೊದಲು ಸೂಚನೆ ಕೊಡತಕ್ಕದ್ದೆಂದು ರಿಜರ್ವ್ ಬ್ಯಾಂಕಿನ ನಿಯಮವಿದೆ. ಸೂಚನೆಗಳು ಬಂದೂ ಇದ್ದುವು, ನಾನೇ ಓದಿರಲಿಲ್ಲ. ಹಣ ಕಳುಹಿಸುವ ಆ್ಯಪಿನೊಳಗೆ ಆಟೋಪೇ ಎಂಬ ಒಂದು ಪಟ್ಟಿಯಿರುವುದು. ನಮ್ಮ ಖಾತೆಯಿಂದ ತಾವಾಗಿಯೇ ಹಣ ತೆಗೆದುಕೊಳ್ಳಲು ನಾವು ಯಾರು ಯಾರಿಗೆ ಅಪ್ಪಣೆ ಕೊಟ್ಟಿರುವೆವೆಂಬುದೆಲ್ಲ ಅಲ್ಲಿ ಕಾಣುವುದು. ಬೇಡವಾದುದನ್ನು ಅಲ್ಲಿಯೇ ರದ್ದುಮಾಡಬಹುದು. ಮಗಳು ಬೆಂಗಳೂರಿನಿಂದ ಬಂದಾಗ ಅದನ್ನು ತೋರಿಸಿಕೊಟ್ಟಳು. “ಅಪ್ಪಾ, ಮನೆಯ ಬೀಗದಕೈ ಎಷ್ಟು ಜನರ ಹತ್ತಿರ ಇದೆಯೆಂದು ಆರು ತಿಂಗಳಿಗೊಮ್ಮೆಯಾದರೂ ನೋಡಬೇಡವೇ?” ಎಂದಳು. ಪಾಠ ಹೇಳಿಸಿಕೊಳ್ಳುವ ಸರದಿ ನನ್ನದಾಗಿತ್ತು.

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯ ಬದಲಾಯಿತು. ಅಂತರ್ಜಾಲವು ಯೋಗವನ್ನು ತರುವುದೆಂದು ನಾವು ನಂಬುವೆವು. ಅದು ನಿಜವಾಗಿ ಒದಗಿಸಬಲ್ಲದು ಕ್ಷೇಮವನ್ನು. ಕೊಳ್ಳುವ ಸಾಧನವಾಗಿ ಅದು ದುಬಾರಿ, ನೋಡುವ ಸಾಧನವಾಗಿ ಅದಕ್ಕೆ ಸಮಾನವಿಲ್ಲ. ನಮ್ಮದಾವುದು, ಅದು ಎಲ್ಲಿದೆ, ಎಲ್ಲಿ ಸೋರುತ್ತಿದೆ, ಪದಾರ್ಥದ ನಿಜವಾದ ಬೆಲೆಯೆಷ್ಟು, ಎಂಬ ಪ್ರಶ್ನೆಗಳಿಗೆ ಹಿಂದೆ ನಾಲ್ಕು ಕಚೇರಿಗಳ ಮೆಟ್ಟಿಲು ಹತ್ತಿದರೂ ದೊರೆಯದಿದ್ದ ಉತ್ತರ ಇಂದು ಜಗುಲಿಯ ಮೇಲೆ ಕುಳಿತಲ್ಲಿಯೇ ದೊರೆಯುವುದು.

ಯು.ಪಿ.ಐ. ಬಂದದ್ದು 2016ರಲ್ಲಿ. ಅದರ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಚಿಯಲ್ಲಿ ನೋಟು ಇರುವಾಗ ಅದು ತೆಳ್ಳಗಾಗುವುದು ಕೈಗೆ ತಿಳಿಯುತ್ತಿತ್ತು. ಮೊಬೈಲು ಎಷ್ಟು ಹಣ ಕಳೆದರೂ ಹಗುರವಾಗುವುದಿಲ್ಲ. ಇದಕ್ಕೆ ನಾವು ಮಾಡಿಕೊಂಡ ಉಪಾಯ ಸರಳವಾದುದು. ಪಿಂಚಣಿ ಬರುವ ಖಾತೆಯನ್ನು ಮೊಬೈಲಿಗೆ ಸೇರಿಸಿಲ್ಲ. ಬೇರೊಂದು ಚಿಕ್ಕ ಖಾತೆಯಿದ್ದು, ತಿಂಗಳ ಮೊದಲನೆಯ ದಿನ ಮನೆಯ ಖರ್ಚಿನಷ್ಟನ್ನೇ ಅದಕ್ಕೆ ಹಾಕುವೆವು. ಮೊಬೈಲಿಗೆ ಗೊತ್ತಿರುವುದು ಆ ಖಾತೆ ಮಾತ್ರ. ರಾತ್ರಿ ಊಟವಾದ ಮೇಲೆ ಅಂದಿನ ಪಾವತಿಗಳನ್ನು ನಾನು ಓದುವುದು, ಆಕೆ ನೋಟುಪುಸ್ತಕಕ್ಕೆ ಬರೆಯುವುದು. ಹತ್ತು ನಿಮಿಷದ ಕೆಲಸ. ಅಂಗಡಿಯವನಿಗೆ ಕೊಟ್ಟದ್ದು ಗಂಟೆ ಮಿನಿಟುಗಳ ಸಹಿತ ನಮೂದಾಗಿರುವುದರಿಂದ, ಮೊದಲಿನಂತೆ ‘ಇತರೆ’ ಎಂಬ ಬಾಬಿನಲ್ಲಿ ಮರೆವನ್ನೆಲ್ಲ ತುಂಬಿಸಲು ಈಗ ನನಗೆ ಅವಕಾಶವಿಲ್ಲ.

ಹೋಗುವ ದುಡ್ಡೆಲ್ಲ ಸೋರಿಕೆಯಲ್ಲವೆಂಬುದೂ ಹೀಗೆಯೇ ತಿಳಿಯಿತು. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿರುವುದನ್ನು ಕಂಡು ಇದೂ ಒಂದು ಮೋಸವೆಂದು ಸಿಟ್ಟಾಗಿದ್ದೆನು. ವಿಚಾರಿಸಿದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 2015ರಲ್ಲಿ 12 ರೂಪಾಯಿಯಿದ್ದುದು 2022ರ ಜೂನ್ 1ರಿಂದ 20 ಆಗಿದೆ. 18ರಿಂದ 70 ವರ್ಷ ವಯಸ್ಸಿನವರು ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ ರೂಪಾಯಿ ಸಲ್ಲುವುದು. ಎಂದೋ ಒಂದು ದಿನ ಅರ್ಜಿಗೆ ರುಜು ಹಾಕಿ ಮರೆತವರು ಬಹಳ. ಯಜಮಾನನೇ ಮರೆತದ್ದನ್ನು ಹೆಂಡತಿ ಮಕ್ಕಳು ಹೇಗೆ ಬಲ್ಲರು? ಪಾಸ್‌ಬುಕ್ಕಿನ ಆ 20 ರೂಪಾಯಿಯ ಸಾಲಿಗೆ ನಾವು ಕೆಂಪು ಗೀಟು ಹಾಕಿ, ಮಗಳಿಗೂ ತೋರಿಸಿದ್ದೇವೆ.

ಔಷಧದ ವಿಷಯ. ಮನೆಯಾಕೆಗೆ ರಕ್ತದ ಒತ್ತಡ, ನನಗೆ ಸಕ್ಕರೆ. ಇಬ್ಬರ ಮಾತ್ರೆಗೂ ಸೇರಿ ತಿಂಗಳಿಗೆ 1,600 ರೂಪಾಯಿಯ ಆಸುಪಾಸು ಆಗುತ್ತಿತ್ತು. ಮಾತ್ರೆಯ ಹಾಳೆಯ ಮೇಲೆ ಕಂಪೆನಿಯಿಟ್ಟ ಹೆಸರು ದೊಡ್ಡ ಅಕ್ಷರದಲ್ಲಿರುವುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಮೂಲ ಹೆಸರು, ಟೆಲ್ಮಿಸಾರ್ಟನ್ ಎಂದೋ ಮೆಟ್‌ಫಾರ್ಮಿನ್ ಎಂದೋ ಇರುವುದು. ಈ ಸಣ್ಣ ಅಕ್ಷರದಲ್ಲಿಯೇ ಉಳಿತಾಯವಿರುವುದು. ಜನೌಷಧಿ ಸುಗಮ್ ಎಂಬ ಸರ್ಕಾರಿ ಆ್ಯಪಿನಲ್ಲಿ ಆ ಮೂಲ ಹೆಸರನ್ನು ಹಾಕಿದರೆ ಜನೌಷಧಿ ಕೇಂದ್ರದಲ್ಲಿ ಅದರ ಬೆಲೆಯೂ, ಹತ್ತಿರದ ಕೇಂದ್ರ ಯಾವುದೆಂಬುದೂ ಕಾಣುವುದು. ಹೆಸರಾಂತ ಕಂಪೆನಿಗಳ ಬೆಲೆಗಿಂತ ಅಲ್ಲಿ ನೂರಕ್ಕೆ 50ರಿಂದ 90ರವರೆಗೂ ಕಡಿಮೆಯಿರುವುದುಂಟು. ನಾವು ಚೀಟಿಯನ್ನು ನಮ್ಮ ಡಾಕ್ಟರರಿಗೆ ತೋರಿಸಿ, ಅವರು ಆಗಬಹುದೆಂದ ಮೇಲೆ ಬದಲಾಯಿಸಿದೆವು. ಕೇಳದೆ ಬದಲಾಯಿಸುವುದು ಸರ್ವಥಾ ಕೂಡದು. ಈಗ ತಿಂಗಳಿಗೆ ಸುಮಾರು 450 ರೂಪಾಯಿ. ಎಲ್ಲ ಔಷಧಗಳೂ ಎಲ್ಲ ಕಾಲದಲ್ಲೂ ಅಲ್ಲಿರುವುದಿಲ್ಲವಾದುದರಿಂದ, ಫೋನು ಮಾಡಿ ಹೋಗುವುದು ಲೇಸು.

ಮಗಳು ಮ್ಯೂಚುವಲ್ ಫಂಡಿನಲ್ಲಿ ಹಣ ತೊಡಗಿಸುವಳು. ಅದು ನನ್ನ ಕಾಲದ ವಿದ್ಯೆಯಲ್ಲ. ಆದರೆ ಅದರಲ್ಲಿ ಒಂದು ಗಣಿತವಿದೆ, ಅದು ನನಗೆ ಹಿಡಿಸಿತು. ಒಂದೇ ಫಂಡಿನಲ್ಲಿ ಎರಡು ಬಗೆ: ಮಧ್ಯವರ್ತಿಯ ಮೂಲಕ ಸೇರುವ ರೆಗ್ಯುಲರ್, ನೇರವಾಗಿ ಸೇರುವ ಡೈರೆಕ್ಟ್. ಈ ಎರಡನೆಯದು 2013ರ ಜನವರಿ 1ರಿಂದ ಇದೆ. ಮಧ್ಯವರ್ತಿಯ ದಲ್ಲಾಳಿ ಇಲ್ಲದ ಕಾರಣ ಅದರಲ್ಲಿ ವರ್ಷದ ಖರ್ಚು ಕಡಿಮೆ. ಕೆಲವು ಫಂಡುಗಳಲ್ಲಿ ಈ ಭೇದ ನೂರಕ್ಕೆ ಒಂದರ ಸಮೀಪಕ್ಕೆ ಬರುವುದು. ಒಂದು ತಾನೇ ಎಂದು ಉಪೇಕ್ಷಿಸುವವರು ಲೆಕ್ಕ ಹಾಕಿ ನೋಡಬೇಕು. ಒಂದು ಲಕ್ಷ ರೂಪಾಯಿ ವರ್ಷಕ್ಕೆ ನೂರಕ್ಕೆ ಹತ್ತರಂತೆ ಇಪ್ಪತ್ತು ವರ್ಷ ಬೆಳೆದರೆ ಸುಮಾರು 6,72,750 ಆಗುವುದು. ಒಂಬತ್ತರಂತೆ ಬೆಳೆದರೆ 5,60,440. ಅಂತರವೇ ಮೊದಲಿಟ್ಟ ಅಸಲಿಗಿಂತ ದೊಡ್ಡದು. (ಇದು ಉದಾಹರಣೆ ಮಾತ್ರ. ಹತ್ತು ಬಂದೀತೆಂದು ಯಾರೂ ಭರವಸೆ ಕೊಡಲಾರರು, ಕೊಟ್ಟರೆ ಅವರನ್ನು ನಂಬಬಾರದು.) ಏನೂ ಅರಿಯದವರಿಗೆ ತಿಳಿದವರೊಬ್ಬರ ಸಲಹೆ ಬೇಕಾದೀತು, ಸಲಹೆ ಕೊಡುವವರಿಗೆ ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡುತ್ತಿರುವೆವೆಂದು ತಿಳಿಯದೆ ಇಪ್ಪತ್ತು ವರ್ಷ ಕೊಡುತ್ತಿರುವುದು ತಪ್ಪು.

ಇನ್ನು ಅಕ್ಕನ ಟ್ರಂಕಿನ ಸಂಗತಿ. ನಮ್ಮ ಭಾವನವರು 2012ರಲ್ಲಿ ತೀರಿಕೊಂಡರು. ಮಿತವ್ಯಯಿಗಳು, ಮಿತಭಾಷಿಗಳು. ಹಣವನ್ನು ಎಲ್ಲಿಟ್ಟಿರುವೆನೆಂದು ಹೆಂಡತಿಗೆ ಹೇಳುವುದು ಆ ಕಾಲದ ಗಂಡಸರಿಗೆ ವಾಡಿಕೆಯಿರಲಿಲ್ಲ. ಸಿಕ್ಕಿದ್ದನ್ನೆಲ್ಲ ಆಗ ತೀರಿಸಿಕೊಂಡೆವು. ಉಳಿದ ಕಾಗದಗಳನ್ನು ಕಟ್ಟಿ ಟ್ರಂಕಿನಲ್ಲಿಟ್ಟೆವು. ಅಕ್ಕ ಅಲ್ಲಿಂದ ಮುಂದೆ ಕುಟುಂಬ ಪಿಂಚಣಿಯಲ್ಲಿಯೇ ಬಿಗಿಯಾಗಿ ಸಂಸಾರ ನಡೆಸಿದಳು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಖರ್ಚಿಗೆ ಹೆದರಿ ಎರಡು ವರ್ಷ ಮುಂದಕ್ಕೆ ಹಾಕಿದಳೆಂಬುದು ನನಗೂ ತಡವಾಗಿ ತಿಳಿಯಿತು.

ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಯ ಹಣ ರಿಜರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುವುದು. ಈ ನಿಧಿ 2014ರಲ್ಲಿ ಏರ್ಪಟ್ಟಿತು. ಹೋಯಿತೆಂದರೆ ಮುಳುಗಿತೆಂದು ಅರ್ಥವಲ್ಲ; ಹಕ್ಕುದಾರರು ಯಾವಾಗ ಬಂದರೂ ಆ ಬ್ಯಾಂಕಿನ ಮೂಲಕವೇ ಹಿಂದಕ್ಕೆ ಪಡೆಯಬಹುದು. ಯಾವ ಬ್ಯಾಂಕಿನಲ್ಲಿದೆಯೆಂದು ತಿಳಿಯುವುದೇ ಕಷ್ಟವಾಗಿತ್ತು. ಇದಕ್ಕಾಗಿ ರಿಜರ್ವ್ ಬ್ಯಾಂಕು 2023ರ ಆಗಸ್ಟ್ 17ರಂದು ‘ಉದ್ಗಮ್’ ಎಂಬ ಜಾಲತಾಣವನ್ನು ತೆರೆಯಿತು. 2024ರ ಮಾರ್ಚಿಗೆ 30 ಬ್ಯಾಂಕುಗಳು ಅದರಲ್ಲಿ ಸೇರಿದ್ದುವು. ಆ ನಿಧಿಯಲ್ಲಿರುವ ಇಂತಹ ಠೇವಣಿಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಅವುಗಳಿಗೆ ಸಂಬಂಧಿಸಿದುವು. ನಮ್ಮ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಕೊಟ್ಟು ಒಳಹೊಕ್ಕು, ಠೇವಣಿದಾರರ ಹೆಸರು, ಬ್ಯಾಂಕು, ಜೊತೆಗೆ ಅವರ ಪ್ಯಾನ್ ಸಂಖ್ಯೆಯೋ ಮತದಾರರ ಚೀಟಿಯ ಸಂಖ್ಯೆಯೋ ಹುಟ್ಟಿದ ತಾರೀಕೋ ಇವುಗಳಲ್ಲಿ ಒಂದನ್ನು ಕೊಡಬೇಕು.

2024ರ ಬೇಸಗೆಯಲ್ಲಿ ಒಂದು ಸಂಜೆ ಅಕ್ಕನ ಮನೆಯಲ್ಲಿ ಕುಳಿತು ಹುಡುಕಿದೆವು. ಭಾವನವರ ಹೆಸರನ್ನು ಮೊದಲು ನಾನು ಬರೆಯುವಂತೆ ಬರೆದೆನು, ಏನೂ ಕಾಣಲಿಲ್ಲ. ಬಳಿಕ ಅವರು ರುಜು ಹಾಕುತ್ತಿದ್ದಂತೆ, ಊರಿನ ಹೆಸರಿನ ಮೊದಲಕ್ಷರವನ್ನು ಹಿಂದೆ ಹಾಕಿ, ಕಡೆಯ ‘ಯ್ಯ’ಕ್ಕೆ ಇಂಗ್ಲಿಷಿನ ಒಂದು ಅಕ್ಷರ ಹೆಚ್ಚಿಸಿ ಬರೆದೆನು. ಒಂದು ಸಾಲು ಬಂತು. ನಾವು ಕೇಳಿಯೂ ಇರದ ಶಾಖೆ. ಅವರು ನಿವೃತ್ತರಾಗುವ ಮುನ್ನ ಎರಡು ವರ್ಷ ಕೆಲಸದಲ್ಲಿದ್ದ ಊರು. ಅಕ್ಕ ಕನ್ನಡಕ ತೆಗೆದು ಒರಸಿ ಮತ್ತೆ ಹಾಕಿಕೊಂಡು ಆ ಸಾಲನ್ನೇ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಜಾಲತಾಣ ತಿಳಿಸುವುದಷ್ಟೆ; ಹಣ ಕೊಡುವುದು ಬ್ಯಾಂಕು. ಮರಣಪತ್ರ, ಗುರುತಿನ ಚೀಟಿಗಳು, ಅರ್ಜಿ ಎಂದು ಆ ಶಾಖೆಗೆ ಮೂರು ಸಲ ಬಸ್ಸು ಹತ್ತಿದೆವು. ಈ ನಡುವೆ ಒಂದು ಅಪಾಯವೂ ತಪ್ಪಿತು. ಅಕ್ಕ ಸಂತೋಷದಿಂದ ನಾಲ್ಕು ಜನರಿಗೆ ಈ ವಿಷಯ ಹೇಳಿದ್ದಳು. ಒಂದು ದಿನ ಯಾರೋ ಫೋನು ಮಾಡಿ, ಠೇವಣಿ ಬಿಡಿಸಲು 2,500 ರೂಪಾಯಿ ಶುಲ್ಕ ಕಟ್ಟಬೇಕು, ಬಂದಿರುವ ಆರಂಕಿಯ ಸಂಖ್ಯೆಯನ್ನು ಹೇಳಿ ಎಂದನಂತೆ. “ನಮ್ಮ ತಮ್ಮ ಮೇಷ್ಟರು, ಅವನನ್ನು ಕೇಳಿ ಹೇಳುತ್ತೇನೆ” ಎಂದು ಫೋನಿಟ್ಟಳು. ಉದ್ಗಮದಲ್ಲಿ ಹುಡುಕಲು ಯಾವ ಶುಲ್ಕವೂ ಇಲ್ಲ. ಆ ಆರಂಕಿಯ ಸಂಖ್ಯೆಯನ್ನು ಯಾವ ಬ್ಯಾಂಕಿನವರೂ ಫೋನಿನಲ್ಲಿ ಕೇಳುವುದಿಲ್ಲ. ನಮಗೆ ಹಣ ಬರುವುದಕ್ಕೆ ಯು.ಪಿ.ಐ. ಪಿನ್ ಹಾಕಬೇಕಾಗಿಯೂ ಇಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆಯೆಂದೇ ತಿಳಿಯಬೇಕು. ಮೋಸಹೋದವರು ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡತಕ್ಕದ್ದು. ದಂಡಿಯಾತ್ರೆ ನಡೆದ ವರ್ಷವೆಂದು ನಾನು ಅಕ್ಕನಿಗೆ ನೆನಪಿನ ಗುರುತು ಹೇಳಿಕೊಟ್ಟಿದ್ದೇನೆ.

ಎರಡು ತಿಂಗಳ ತರುವಾಯ ಹಣ ಬಂತು. 2008ರಲ್ಲಿ ಭಾವನವರು ಐದು ವರ್ಷಕ್ಕೆಂದು ಇಟ್ಟಿದ್ದ 25,000, ಬಡ್ಡಿ ಸೇರಿ 54,000ಕ್ಕೆ ಸ್ವಲ್ಪ ಮೇಲಾಗಿತ್ತು. ನಾಮಿನಿಯ ಜಾಗದಲ್ಲಿ ಅಕ್ಕನ ಹೆಸರನ್ನು ಅವರ ದುಂಡಕ್ಷರದಲ್ಲಿಯೇ ಬರೆದಿದ್ದರು; ಹೇಳಿರಲಿಲ್ಲ, ಬರೆದಿದ್ದರು. ಆಷಾಢದಲ್ಲಿ ಎಡಗಣ್ಣಿನ ಪೊರೆ ತೆಗೆಸಿದೆವು. ಮಿಕ್ಕ ಹಣವನ್ನು ಅಕ್ಕ ಅಂಚೆ ಕಚೇರಿಯಲ್ಲಿಟ್ಟಳು. ನಾಮಿನಿ ಯಾರೆಂಬಲ್ಲಿ ಮಗನ ಹೆಸರನ್ನು ತಾನೇ ಎರಡು ಸಲ ಓದಿ ನೋಡಿದಳು. ಮನೆಗೆ ಬಂದು ಅವನನ್ನು ಕರೆದು ಪಾಸ್‌ಬುಕ್ಕು ಯಾವ ಡಬ್ಬಿಯಲ್ಲಿರುವುದೆಂದು ತೋರಿಸಿದಳು. ಟ್ರಂಕಿನಲ್ಲಿ ಇನ್ನೂ ಎರಡು ಕಟ್ಟು ಕಾಗದಗಳಿವೆ. ಬಲಗಣ್ಣಿನದೂ ಆಗಲಿ, ಆಮೇಲೆ ತಾನೇ ಓದಿ ನೋಡುವೆನೆಂದು ಅಕ್ಕ ಅವುಗಳನ್ನು ಮುಟ್ಟಗೊಟ್ಟಿಲ್ಲ.