ಮಾಲ್ಟಾದ ಶಿಲಾನಗರಿ ವ್ಯಾಲೆಟ್ಟಾ

ಇಟಲಿಯ ಸಿಸಿಲಿಗೆ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ನಡುವೆ ಮಾಲ್ಟಾ ಎಂಬ ಪುಟ್ಟ ದ್ವೀಪರಾಷ್ಟ್ರವಿದೆ. ಅದರ ರಾಜಧಾನಿ ವ್ಯಾಲೆಟ್ಟಾ. ಒಂದು ಚದರ ಕಿಲೋಮೀಟರಿಗಿಂತಲೂ ಚಿಕ್ಕದಾದ ಈ ನಗರವನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಿಂದ ಸುತ್ತಿ ಬರಬಹುದು. ಆದರೆ ಇದನ್ನು ಕಟ್ಟಿದವರ ದೂರದೃಷ್ಟಿಯನ್ನು ಅರಿಯಬೇಕಾದರೆ ಕೋಟೆಯ ಗೋಡೆಗಳನ್ನಷ್ಟೇ ನೋಡಿದರೆ ಸಾಲದು. ಒಳಗಿನ ಗಾಳಿ, ನೀರು, ಆಸ್ಪತ್ರೆಗಳ ಏರ್ಪಾಡನ್ನೂ ಗಮನಿಸಬೇಕು.

1565ರಲ್ಲಿ ತುರ್ಕರ ಮಹಾ ಮುತ್ತಿಗೆಯಿಂದ ಪಾರಾದ ಸಂತ ಜಾನ್ ಪಂಥದ ಯೋಧರು 1566ರ ಮಾರ್ಚ್ 28ರಂದು ಈ ನಗರಕ್ಕೆ ಅಸ್ತಿಭಾರ ಹಾಕಿದರು. ಅವರ ನಾಯಕ ಲಾ ವಾಲೆಟ್‌ನ ಹೆಸರೇ ನಗರಕ್ಕೆ ಬಂದಿತು. ಇಟಲಿಯ ಎಂಜಿನಿಯರ್ ಲಾಪರೆಲ್ಲಿ ಬೀದಿಗಳನ್ನು ಚದುರಂಗದ ಮಣೆಯಂತೆ ನೇರವಾಗಿ ರೂಪಿಸಿದನು. ಕಡಲ ಗಾಳಿ ಅವುಗಳಲ್ಲಿ ಇಂದಿಗೂ ಸರಾಗವಾಗಿ ಬೀಸುತ್ತದೆ. ದ್ವೀಪದಲ್ಲಿ ನದಿಯಿಲ್ಲ. ಆದುದರಿಂದ ಮನೆಗಳ ಅಡಿಯಲ್ಲಿ ಬಂಡೆಯನ್ನು ಕೊರೆದು ಮಳೆನೀರಿನ ತೊಟ್ಟಿಗಳನ್ನು ಮಾಡಿದರು. 1615ರಲ್ಲಿ ಸುಮಾರು 16 ಕಿಲೋಮೀಟರ್ ಉದ್ದದ ಕಾಲುವೆಯ ಮೂಲಕ ದ್ವೀಪದ ಒಳನಾಡಿನಿಂದ ನೀರು ಹರಿದು ಬಂದಿತು.

ಸಂತ ಜಾನ್ ದೇವಾಲಯವು ಹೊರನೋಟಕ್ಕೆ ಸರಳ. ಒಳಗೆ ಚಿನ್ನದ ಬಣ್ಣದ ಕೆತ್ತನೆಗಳ ವೈಭವ. ನೆಲದಲ್ಲಿ ಯೋಧರ ಬಣ್ಣಬಣ್ಣದ ಅಮೃತಶಿಲೆಯ ಸಮಾಧಿಫಲಕಗಳಿವೆ. ಕಾರವಾಜೊ 1608ರಲ್ಲಿ ರಚಿಸಿದ ಸಂತ ಜಾನನ ಶಿರಚ್ಛೇದದ ಬೃಹತ್ ಚಿತ್ರ ಇಲ್ಲಿಯೇ ಇದೆ. ಅದರಲ್ಲಿ ಹರಿದ ರಕ್ತದ ಬಣ್ಣದಲ್ಲೇ ಕಲಾವಿದನು ತನ್ನ ಹೆಸರನ್ನು ಬರೆದಿದ್ದಾನೆ.

ಕಡಲಂಚಿನಲ್ಲಿರುವ ಪವಿತ್ರ ಆಸ್ಪತ್ರೆಯ ನಿರ್ಮಾಣ 1574ರಲ್ಲಿ ಆರಂಭವಾಯಿತು. ಅದರ ಮಹಾ ವಾರ್ಡಿನ ಉದ್ದ ಸುಮಾರು 155 ಮೀಟರ್. ಯುದ್ಧವೀರರೆನಿಸಿದವರೇ ಸರದಿಯಂತೆ ರೋಗಿಗಳಿಗೆ ಊಟ ಬಡಿಸುತ್ತಿದ್ದರು. ಅದೂ ಬೆಳ್ಳಿಯ ತಟ್ಟೆಗಳಲ್ಲಿ! 1798ರಲ್ಲಿ ನೆಪೋಲಿಯನ್ ದ್ವೀಪವನ್ನು ವಶಪಡಿಸಿಕೊಂಡಾಗ ಆ ಬೆಳ್ಳಿಯು ಕರಗಿ ಸೈನ್ಯದ ವೆಚ್ಚಕ್ಕೆ ಸಂದಿತು. ರೋಗಿಗಳ ತಟ್ಟೆ ಯುದ್ಧದ ಲೆಕ್ಕಕ್ಕೆ ಜಮೆಯಾದ ಆ ಕಥೆ ಪ್ರವಾಸಿಗನ ಮನಸ್ಸನ್ನು ಕಲಕದಿರದು. ಕಟ್ಟಡವು ಈಗ ಸಮ್ಮೇಳನ ಭವನವಾಗಿದೆ.

ಎರಡನೆಯ ಮಹಾಯುದ್ಧದಲ್ಲಿ ನಗರವು ಮತ್ತೊಂದು ಮುತ್ತಿಗೆಗೆ ಒಳಗಾಯಿತು. ಬಾಂಬುಗಳ ಮಳೆಯಲ್ಲಿ ಜನರು ಬಂಡೆಯೊಳಗಿನ ಸುರಂಗಗಳಲ್ಲಿ ಆಶ್ರಯ ಪಡೆದರು. ಅವರ ಧೈರ್ಯಕ್ಕೆ 1942ರ ಏಪ್ರಿಲ್‌ನಲ್ಲಿ ಇಡೀ ದ್ವೀಪಕ್ಕೇ ಜಾರ್ಜ್ ಕ್ರಾಸ್ ಪದಕ ದೊರೆಯಿತು. ಅದನ್ನು ಸೇಂಟ್ ಎಲ್ಮೊ ಕೋಟೆಯ ಯುದ್ಧ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಅದೇ ತಿಂಗಳು ಬಾಂಬಿಗೆ ಆಹುತಿಯಾದ ಒಪೆರಾ ಭವನದ ಅವಶೇಷಗಳ ನಡುವೆ 2013ರಿಂದ ಬಯಲು ರಂಗಮಂದಿರ ನಡೆಯುತ್ತಿದೆ.

ದಿನದ ಕೊನೆಗೆ ಮೇಲಿನ ಬಾರಕ್ಕಾ ಉದ್ಯಾನದಲ್ಲಿ ನಿಂತರೆ ಇಡೀ ಬಂದರು ಕಣ್ಣೆದುರಿಗೆ ತೆರೆದುಕೊಳ್ಳುತ್ತದೆ. ಇಲ್ಲಿನ ಬೀದಿಗಳಲ್ಲಿ ಮೆಟ್ಟಿಲುಗಳೇ ಹೆಚ್ಚು. ಮೊಣಕಾಲು ನೋವುಳ್ಳವರು ಬಂದರಿನಿಂದ ಉದ್ಯಾನಕ್ಕೆ ಏರಲು 2012ರಲ್ಲಿ ನಿರ್ಮಿಸಿದ 58 ಮೀಟರ್ ಎತ್ತರದ ಲಿಫ್ಟನ್ನು ಬಳಸಬಹುದು. ಬೇಸಿಗೆಯ ಬಿಸಿಲು ತೀಕ್ಷ್ಣವಾದುದರಿಂದ ಕುಡಿಯುವ ನೀರನ್ನು ಜೊತೆಗೊಯ್ಯುವುದು ಲೇಸು. ನೀರಿನ ಬೆಲೆಯನ್ನು ಈ ನಗರವು ಹುಟ್ಟಿದಂದಿನಿಂದಲೇ ಬಲ್ಲದು.